ಮಾತ್ರೆಗೆ ಮಾತ್ರೆ ಸೇರಿ ಊದಿದ ಕಾಲು: ಉಳ್ಳಾಲದ ಒಂದು ಬಿಪಿ ಪ್ರಕರಣ

ರೋಗಿ 61 ವರ್ಷದ ಮಹಿಳೆ. ಮನೆ ಉಳ್ಳಾಲದ ಕಡೆ, ಕೆಲಸ ಬೀಡಿ ಕಟ್ಟುವುದು. ಒಂದು ದಿನ ನಸುಕಿನಲ್ಲಿ ಬಚ್ಚಲಿಗೆ ಹೋಗಲೆಂದು ಮಂಚದಿಂದ ಎದ್ದವರು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿದು ಬಿದ್ದರು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ತಲೆಯ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ, ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮುರಿತ ಇರಲಿಲ್ಲ. ಹೊಲಿಗೆ ಹಾಕಿದ ಕಡೆ ನೋಡಿದಾಗ ಬಿಪಿ 176/90 ಇತ್ತಂತೆ. ಹಾಗಾಗಿ ಬಿಪಿ ಏರಿಯೇ ಮಂಡೆ ತಿರುಗಿದ್ದು ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಮಾತ್ರೆ ಇನ್ನೊಂದು ಹೆಚ್ಚಿಸಿ ಕೊಡಿ ಎಂದು ಕೇಳುವುದಕ್ಕೇ ಸೊಸೆ ಅವರನ್ನು ನನ್ನಲ್ಲಿಗೆ ಕರೆದುಕೊಂಡು ಬಂದದ್ದು.

ಕೊನೆಗೆ ಆದದ್ದು ಬೇರೆ. ಮೂರು ಮಾತ್ರೆಗಳನ್ನು ನಿಲ್ಲಿಸಿದೆವು, ಒಂದನ್ನು ಅರ್ಧ ಮಾಡಿದೆವು, ಆಮೇಲೆ ನಿಧಾನಕ್ಕೆ ಹೊಸದೊಂದನ್ನು ಸೇರಿಸಿದೆವು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇದೇ ಸರಪಳಿ ಸದ್ದಿಲ್ಲದೆ ಬೆಳೆಯುತ್ತಿದೆ ಎಂಬ ಕಳವಳದಿಂದ, ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಇದ್ದದ್ದು

ಬಿಪಿಯವರು ಬಂದರೆ ಚೀಟಿಗಿಂತ ಮೊದಲು ಮಾತ್ರೆಯ ಡಬ್ಬಿ ನೋಡುವುದು ನನ್ನ ರೂಢಿ. ಇವರದ್ದು ಬಿಸ್ಕೆಟಿನ ತಗಡಿನ ಡಬ್ಬಿ. ಬಿಪಿಗೆ ಅಮ್ಲೋಡಿಪಿನ್ 10 ಮಿ.ಗ್ರಾಂ, ದಿನಕ್ಕೊಂದು. ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಟಾರ್ಸೆಮೈಡ್ 10 ಮಿ.ಗ್ರಾಂ, ಬೆಳಿಗ್ಗೆ. ಗ್ಯಾಸಿಗೆಂದು ಪ್ಯಾಂಟೊಪ್ರಝೋಲ್. ಎಲ್ಲದರ ಅಡಿಯಲ್ಲಿ ಅರ್ಧ ಮುಗಿದ ಡೈಕ್ಲೋಫೆನಾಕ್ ಸ್ಟ್ರಿಪ್. "ಅದು ಬಿಪಿಯದ್ದಲ್ಲ ಡಾಕ್ಟ್ರೇ, ಮೊಣಗಂಟು ನೋವಿಗೆ. ಅದಕ್ಕೆ ಚೀಟಿ ಇಲ್ಲ, ಮೆಡಿಕಲಿನಲ್ಲಿ ಕೇಳಿದ್ರೆ ಕೊಡ್ತಾರೆ" ಅಂದರು.

ಯಾವುದು ಯಾವಾಗ ಶುರುವಾಯಿತು ಎಂದು ಕೇಳಿದರೆ ತಾರೀಕು ಅವರಿಗೆ ಗೊತ್ತಿಲ್ಲ. ಹಬ್ಬಗಳು ಗೊತ್ತು. ತಾರೀಕಿಗಿಂತ ಅದೇ ಗಟ್ಟಿ ಲೆಕ್ಕ, ನಮ್ಮ ಊರಿನಲ್ಲಿ ನಾನು ಅದನ್ನೇ ನಂಬುವುದು. ಸೊಸೆ ಹೇಳುತ್ತಾ ಹೋದಂತೆ ಒಂದು ಹಾಳೆಯಲ್ಲಿ ಬರೆದುಕೊಂಡೆ. ಮೂರು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಬಿಪಿ 168/96 ಸಿಕ್ಕಿ ಅಮ್ಲೋಡಿಪಿನ್ 5 ಶುರುವಾಗಿತ್ತು. ಎರಡು ವರ್ಷ ಚೆನ್ನಾಗಿಯೇ ನಡೆದಿತ್ತು. ಕಳೆದ ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆ ಜೋರಿದ್ದಾಗ ಮೊಣಗಂಟು ನೋವು ಹೆಚ್ಚಾಗಿ ಡೈಕ್ಲೋಫೆನಾಕ್ ಬಂತು, ಹೊಟ್ಟೆ ಉರಿಗೆ ಅದರ ಬೆನ್ನಿಗೇ ಪ್ಯಾಂಟೊಪ್ರಝೋಲ್. ಚೌತಿಯ ನಂತರ ನೋಡಿದಾಗ ಬಿಪಿ 158/94, ಅಮ್ಲೋಡಿಪಿನ್ 10 ಆಯಿತು. ದೀಪಾವಳಿಯ ಎಣ್ಣೆಸ್ನಾನದ ದಿನ ಕಾಲುಂಗುರ ತಿರುಗುವುದಿಲ್ಲ ಎಂದು ಗೊತ್ತಾಯಿತು. ಷಷ್ಠಿಯ ಹೊತ್ತಿಗೆ ಪಾದದ ಗಂಟು ಕಾಣದಷ್ಟು ಊದಿತು, ಒಂದು ಕ್ಲಿನಿಕ್ಕಿನಲ್ಲಿ "ಮೈಯಲ್ಲಿ ನೀರು ತುಂಬಿದೆ" ಎಂದು ಟಾರ್ಸೆಮೈಡ್ ಬರೆದರು. ಮಾರ್ಚಿನಿಂದ ಎದ್ದು ನಿಂತರೆ ಮಂಡೆ ತಿರುಗಲು ಶುರು. ಏಪ್ರಿಲ್ ಮಧ್ಯದ ಬಿಸು ಹಬ್ಬ ಕಳೆದು ಒಂದು ವಾರಕ್ಕೆ ಬಿದ್ದರು.

ಆ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರೆ ಒಂದರ ನಂತರ ಒಂದು ಕಾಯಿಲೆ ಬಂದಂತೆ ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಪ್ರತಿಯೊಂದು ಮಾತ್ರೆಯೂ ಅದರ ಹಿಂದಿನ ಮಾತ್ರೆಗೆ ಕೊಟ್ಟ ಉತ್ತರ. ನನಗೆ ಈ ಪ್ರಕರಣದಲ್ಲಿ ಹೇಳಬೇಕಾದ್ದು ಇಷ್ಟೇ: ಬಿಪಿ ಮಾತ್ರೆ ಯಾವ ರಕ್ತನಾಳದ ಮೇಲೆ, ಯಾವ ಜಾಗದಲ್ಲಿ ಕೆಲಸ ಮಾಡುತ್ತದೆ ಎಂದು ಒಮ್ಮೆ ಕೇಳಿಕೊಂಡಿದ್ದರೆ ಈ ಸರಪಳಿಯ ಎರಡನೆಯ ಕೊಂಡಿ ಬೀಳುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ಎರಡೂ ಕಾಲು ಸಮನಾಗಿ ಊದಿತ್ತು. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದರೆ ಗುಳಿ ಹಾಗೆಯೇ ನಿಲ್ಲುತ್ತಿತ್ತು. ನಾನು ಅವರ ಹೆಸರು, ವಯಸ್ಸು ಬರೆದು ಮುಗಿಸುವವರೆಗೂ ಅದು ತುಂಬಿರಲಿಲ್ಲ. ಕಾಲುಂಗುರ ಬೆರಳಿನೊಳಗೆ ಕೂತು ಅದರ ಎರಡೂ ಬದಿಯಲ್ಲಿ ಚರ್ಮ ಉಬ್ಬಿತ್ತು. ಪಾದದ ಚರ್ಮ ತುಸು ಕೆಂಪಗೆ, ಮುಟ್ಟಿದರೆ ಬೆಚ್ಚಗೆ. ಈ ಬೆಚ್ಚಗಿನ ಸ್ಪರ್ಶ ನನಗೆ ಮೊದಲ ಸುಳಿವು. ಹೃದಯ ಸೋತು ಕಾಲು ಊದಿದವರಲ್ಲಿ ರಕ್ತದ ಹರಿವು ಕಡಿಮೆಯಾಗಿ ಪಾದ ಹೆಚ್ಚಾಗಿ ತಣ್ಣಗಿರುತ್ತದೆ.

ಮುಖ ಊದಿರಲಿಲ್ಲ. ಕುತ್ತಿಗೆಯ ಸಿರೆ ಉಬ್ಬಿರಲಿಲ್ಲ. ಶ್ವಾಸಕೋಶ ಸ್ವಚ್ಛ, ಯಕೃತ್ತು ಕೈಗೆ ಸಿಗಲಿಲ್ಲ. ಎರಡು ದಿಂಬಿಟ್ಟು ಮಲಗುವ ಅಭ್ಯಾಸ ಇಲ್ಲ, ರಾತ್ರಿ ಉಸಿರುಗಟ್ಟಿ ಏಳುವುದೂ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತದ ಅಲ್ಬುಮಿನ್ 4.1, ಥೈರಾಯ್ಡ್ ಸರಿ. ಎಕೋದಲ್ಲಿ ಹೃದಯದ ಗೋಡೆ ಸ್ವಲ್ಪ ದಪ್ಪ, ಪಂಪು ಮಾಡುವ ಶಕ್ತಿ ಸರಿಯಾಗಿತ್ತು. ಅಂದರೆ ಹೃದಯ, ಯಕೃತ್ತು, ಮೂತ್ರಪಿಂಡ ಸೋತು ಕಾಲು ಊದಿದ್ದಲ್ಲ. ಆದರೆ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹಾಕುವ ಕಸ, ಅದು ರಕ್ತದಲ್ಲಿ ಏರಿದರೆ ಸೋಸುವುದು ತಗ್ಗಿದೆ ಎಂದರ್ಥ) 1.3 ಇತ್ತು, ಹಿಂದಿನ ವರ್ಷದ ಚೀಟಿಯಲ್ಲಿ 0.8. ಪೊಟಾಷಿಯಂ 3.2, ಇರಬೇಕಾದ್ದಕ್ಕಿಂತ ಕಡಿಮೆ.

ಆಮೇಲೆ ಬಿಪಿ. ಐದು ನಿಮಿಷ ಮಲಗಿಸಿ ನೋಡಿದಾಗ 138/76, ನಾಡಿ 84. ಎದ್ದು ನಿಂತ ಒಂದು ನಿಮಿಷಕ್ಕೆ 112/68, ನಾಡಿ 104, "ಈಗ ತಿರುಗ್ತದೆ, ಹೀಗೇ ಆಗುವುದು" ಎಂದು ಮೇಜು ಹಿಡಿದುಕೊಂಡರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗಿನ ಬಿಪಿ ಕುಸಿತ ಎಂದು ಲೆಕ್ಕ. ಇವರದ್ದು 26 ಇಳಿದಿತ್ತು. ಬಿಪಿ ಏರಿ ಬಿದ್ದದ್ದಲ್ಲ, ಇಳಿದು ಬಿದ್ದದ್ದು. ಬಿದ್ದ ಮೇಲೆ ಸಿಕ್ಕಿದ 176/90 ನೋವಿನ, ಹೆದರಿಕೆಯ ಅಂಕಿ.

ಇಲ್ಲಿ ಒಂದು ಮಾತು. ಹೀಗೆ ಬಿದ್ದು ಬಂದವರಿಗೆ ಏರಿದ ಬಿಪಿ ಕಂಡ ಕೂಡಲೇ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆಯ ಅಡಿಗೆ ಹಾಕುವ ಪದ್ಧತಿ ಹಿಂದೆ ಎಲ್ಲೆಲ್ಲೂ ಇತ್ತು. ಬಿಪಿ ದಿಢೀರ್ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆದ ವರದಿಗಳು ಬಂದು 1990ರ ದಶಕದ ಮಧ್ಯದಲ್ಲಿ ಅದನ್ನು ಬಿಡಬೇಕೆಂದು ವೈದ್ಯಲೋಕ ಎಚ್ಚರಿಸಿತು. ಬಹುಕಾಲ ಬಿಪಿ ಇದ್ದವರ ಮಿದುಳಿನ ನಾಳಗಳು ಮೇಲಿನ ಒತ್ತಡಕ್ಕೆ ಒಗ್ಗಿಕೊಂಡಿರುತ್ತವೆ. ನಮಗೆ ಸಾಮಾನ್ಯ ಅನಿಸುವ ಅಂಕಿಗೆ ಥಟ್ಟನೆ ಇಳಿಸಿದರೆ ಅವರ ಮಿದುಳಿಗೆ ರಕ್ತ ಸಾಲದಾಗುತ್ತದೆ. ಈ ಅಮ್ಮನಿಗೆ ಯಾರೂ ಹಾಗೆ ಮಾಡಲಿಲ್ಲ, ಪುಣ್ಯ.

ಅಮ್ಲೋಡಿಪಿನ್ ನಾಳದಲ್ಲಿ ಮಾಡುವ ಕೆಲಸ

ದೊಡ್ಡ ಅಪಧಮನಿಗಳು ರಕ್ತವನ್ನು ಸಾಗಿಸುತ್ತವೆ. ಒತ್ತಡವನ್ನು ನಿರ್ಧರಿಸುವುದು ಹೆಚ್ಚಾಗಿ ಅವುಗಳ ತುದಿಯ ಕಿರುಅಪಧಮನಿಗಳು, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣವು. ಅವುಗಳ ಗೋಡೆಯಲ್ಲಿ ಸ್ನಾಯುವಿನ ಪದರ ಉಂಟು. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಅದು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ. ಅಮ್ಲೋಡಿಪಿನ್ ಆ ಕ್ಯಾಲ್ಸಿಯಂ ಒಳಬರುವ ದಾರಿಯನ್ನೇ ಅಡ್ಡಗಟ್ಟುತ್ತದೆ. ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ.

ಎಷ್ಟು ಹಿಗ್ಗಬೇಕು? ಬಹಳ ಬೇಕಾಗಿಲ್ಲ. ನಾಳದಲ್ಲಿ ಹರಿವಿಗೆ ಇರುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಇದನ್ನು ತೋರಿಸಿಕೊಟ್ಟರು. ರಕ್ತದೊತ್ತಡವನ್ನು ಪಾದರಸದಿಂದ ಅಳೆಯುವ ದಾರಿಯನ್ನು 1828ರಲ್ಲಿ ಹಾಕಿಕೊಟ್ಟವರೂ ಅವರೇ. ಅವರ ಲೆಕ್ಕದ ಪ್ರಕಾರ ನಾಳದ ತ್ರಿಜ್ಯ ಶೇ 16ರಷ್ಟು ಕುಗ್ಗಿದರೆ ತಡೆ ಎರಡು ಪಟ್ಟಾಗುತ್ತದೆ, ಶೇ 10ರಷ್ಟು ಹಿಗ್ಗಿದರೆ ಅದೇ ಒತ್ತಡಕ್ಕೆ ಹರಿವು ಶೇ 46ರಷ್ಟು ಹೆಚ್ಚುತ್ತದೆ. ದೇಹದಲ್ಲಿ ರಕ್ತವೂ ನಾಳವೂ ಗಾಜಿನ ಕೊಳವೆಯಷ್ಟು ಸರಳವಲ್ಲ, ಆದರೂ ದಿನಕ್ಕೊಂದು ಸಣ್ಣ ಮಾತ್ರೆ ಬಿಪಿಯನ್ನು ಇಷ್ಟು ಇಳಿಸುವುದು ಹೇಗೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಕಾಲು ಊದುವುದರ ಗುಟ್ಟೂ ಇಲ್ಲೇ ಇದೆ. ಕಿರುಅಪಧಮನಿಯ ಆಚೆ ಕೂದಲಿಗಿಂತ ಸಪೂರದ ಲೋಮನಾಳ, ಅದರ ಆಚೆ ರಕ್ತವನ್ನು ಹಿಂದಕ್ಕೆ ಒಯ್ಯುವ ಕಿರುಸಿರೆ. ಅಮ್ಲೋಡಿಪಿನ್ ಅಪಧಮನಿಯ ಬದಿಯನ್ನು ಚೆನ್ನಾಗಿ ತೆರೆಯುತ್ತದೆ, ಸಿರೆಯ ಬದಿಯನ್ನು ಅಷ್ಟು ತೆರೆಯುವುದಿಲ್ಲ. ಮೇಲಿನ ಗದ್ದೆಯಿಂದ ನೀರು ಬರುವ ಕಂಡಿಯನ್ನು ಅಗಲ ಮಾಡಿ, ಕೆಳಗಿನ ಗದ್ದೆಗೆ ಬಿಡುವ ಕಂಡಿಯನ್ನು ಇದ್ದ ಹಾಗೇ ಬಿಟ್ಟರೆ ನಡುವಿನ ಗದ್ದೆಯಲ್ಲಿ ನೀರು ಏರಿ ಹುಣಿಯಲ್ಲಿ ಜಿನುಗುತ್ತದಲ್ಲ, ಲೋಮನಾಳದಲ್ಲಿ ಆಗುವುದೂ ಅದೇ. ಒಳಗಿನ ಒತ್ತಡ ಏರಿ ರಕ್ತದ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಸಾಮಾನ್ಯವಾಗಿ ನಾವು ಕಾಲು ಇಳಿಬಿಟ್ಟಾಗ ಪಾದದ ಕಿರುಅಪಧಮನಿಗಳು ತಾವಾಗಿಯೇ ಬಿಗಿದುಕೊಂಡು ಲೋಮನಾಳವನ್ನು ಕಾಪಾಡುತ್ತವೆ. ಅಮ್ಲೋಡಿಪಿನ್ ಆ ಕಾವಲನ್ನೂ ಮೊಂಡು ಮಾಡುತ್ತದೆ. ಅದಕ್ಕೇ ಊತ ಕಾಲಿನಲ್ಲಿ ಹೆಚ್ಚು, ಸಂಜೆಗೆ ಹೆಚ್ಚು.

ಇದು ಡೋಸಿನ ಮೇಲೆ ನಿಂತಿದೆ. ಔಷಧದ ಅಧಿಕೃತ ವಿವರಪತ್ರದಲ್ಲಿರುವ ಪ್ರಯೋಗದ ಅಂಕಿಗಳ ಪ್ರಕಾರ ಕಾಲು ಊದಿದವರು 2.5 ಮಿ.ಗ್ರಾಂನಲ್ಲಿ ಶೇ 1.8, 5ರಲ್ಲಿ ಶೇ 3, 10ರಲ್ಲಿ ಶೇ 10.8. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. 5ರಿಂದ 10ಕ್ಕೆ ಹೋದಾಗ ಬಿಪಿ ಇನ್ನು ಸ್ವಲ್ಪ ಇಳಿಯುತ್ತದೆ, ಊತ ಮಾತ್ರ ಮೂರು ಪಟ್ಟಿಗೂ ಮೇಲೆ ಏರುತ್ತದೆ. 61ರ ಹೆಂಗಸು, 10 ಮಿ.ಗ್ರಾಂ. ಇನ್ನೇನು ಬೇಕು?

ಇವರಲ್ಲಿ ಇನ್ನೊಂದೂ ಸೇರಿತ್ತು. ಮೊದಲೆಲ್ಲ ಚಾಪೆಯ ಮೇಲೆ ಕಾಲು ಮಡಚಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದವರು ಮೊಣಗಂಟು ನೋವು ಬಂದ ಮೇಲೆ ಪ್ಲಾಸ್ಟಿಕ್ ಕುರ್ಚಿಗೆ ಬಂದರು. ಬೆಳಿಗ್ಗೆಯಿಂದ ಬ್ರಾಂಚಿಗೆ ಬೀಡಿ ಕೊಡುವ ಹೊತ್ತಿನವರೆಗೆ ಕಾಲು ಇಳಿಬಿಟ್ಟೇ ಕೂರುವುದು. ಮೀನಖಂಡದ ಸ್ನಾಯು ಆಡಿದರೆ ಸಿರೆಯ ರಕ್ತ ಮೇಲೇರುತ್ತದೆ. ಬೀಡಿ ಕಟ್ಟುವಾಗ ಆಡುವುದು ಬೆರಳು ಮಾತ್ರ.

ಟಾರ್ಸೆಮೈಡ್ ಯಾಕೆ ಹಿಡಿಸಲಿಲ್ಲ

ಕಾಲಿನಲ್ಲಿ ನೀರಿದೆ ನಿಜ, ಆದರೆ ದೇಹದಲ್ಲಿ ನೀರು ಹೆಚ್ಚಾಗಿ ಅದು ಅಲ್ಲಿಗೆ ಬಂದದ್ದಲ್ಲ. ಲೋಮನಾಳದ ಒತ್ತಡ ಏರಿ ಬಂದದ್ದು. ಟಾರ್ಸೆಮೈಡ್ ಮೂತ್ರಪಿಂಡದಿಂದ ಉಪ್ಪು, ನೀರನ್ನು ಹೊರಹಾಕುತ್ತದೆ, ಅಂದರೆ ಅದು ಎಳೆಯುವುದು ರಕ್ತನಾಳದೊಳಗಿನ ನೀರನ್ನು. ಪಾದದ ಲೋಮನಾಳದ ಬಾಗಿಲಲ್ಲಿ ಅಮ್ಲೋಡಿಪಿನ್ ಮಾಡಿದ ಬದಲಾವಣೆ ಹಾಗೆಯೇ ಉಳಿಯುತ್ತದೆ. ಹಾಗಾಗಿ ನಾಳದೊಳಗೆ ಬರ, ಕಾಲಿನಲ್ಲಿ ನೆರೆ.

ಮನೆಯವರು ಮಾತ್ರ ಈ ಮಾತ್ರೆ ಒಳ್ಳೆಯದು ಮಾಡಿದೆ ಎಂದೇ ನಂಬಿದ್ದರು. "ಬೆಳಿಗ್ಗೆ ಕಾಲು ಸಪೂರ ಇರ್ತದೆ ಡಾಕ್ಟ್ರೇ, ಆ ಮಾತ್ರೆಯಿಂದಲೇ." ರಾತ್ರಿಯಿಡೀ ಮಲಗಿದರೆ ಮಾತ್ರೆ ಇಲ್ಲದೆಯೂ ಈ ಊತ ಇಳಿಯುತ್ತದೆ. ಟಾರ್ಸೆಮೈಡ್ ತೆಗೆದುಕೊಳ್ಳುತ್ತಿದ್ದದ್ದು ಬೆಳಗ್ಗಿನ ಚಹಾದ ನಂತರ. ಕಾಲು ಅದಕ್ಕೂ ಮೊದಲೇ ಇಳಿದಿರುತ್ತಿತ್ತು. ಇದನ್ನು ಸೊಸೆಗೆ ಬಿಡಿಸಿ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, "ಹೌದಲ್ಲ, ಮಾತ್ರೆ ತಿನ್ನುವ ಮೊದಲೇ ಇಳಿದಿರ್ತದೆ" ಅಂದರು. ಇಡೀ ಪ್ರಕರಣದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಮಾತು ಅದು, ಏಕೆಂದರೆ ಮಾತ್ರೆ ನಿಲ್ಲಿಸಿ ಎಂದು ಹೇಳುವುದು ಸುಲಭ, ನಿಲ್ಲಿಸಿದ್ದನ್ನು ಮನೆಯವರು ಒಪ್ಪುವುದು ಕಷ್ಟ.

ಮೈಯಲ್ಲಿ ನೀರು ತುಂಬಿದೆ ಎಂದು ಕೇಳಿದ ಮೇಲೆ ಈ ಅಮ್ಮ ನೀರು ಕುಡಿಯುವುದನ್ನೂ ಕಡಿಮೆ ಮಾಡಿಬಿಟ್ಟಿದ್ದರು. ಏಪ್ರಿಲಿನ ಮಂಗಳೂರಿನ ಸೆಕೆ ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ತಗಡಿನ ಮಾಡಿನ ಜಗಲಿ, ಹಗಲಿಡೀ ಬೆವರು, ಮೇಲೆ ಟಾರ್ಸೆಮೈಡ್. ಮನುಷ್ಯ ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಆಗ ನಾಳಗಳು ಬಿಗಿದು, ನಾಡಿ ಏರಿ ತಲೆಗೆ ರಕ್ತ ತಪ್ಪದಂತೆ ನೋಡಿಕೊಳ್ಳಬೇಕು. ಇವರಲ್ಲಿ ನಾಡಿ ಏರಿತು, ಆದರೆ ಏರಿಸಿ ಕಳಿಸಲು ಒಳಗೆ ರಕ್ತವೇ ಕಡಿಮೆ.

ಇಂಥ ಸರಪಳಿ ನಮ್ಮಲ್ಲಿ ಮಾತ್ರ ಅಲ್ಲ. ಕೆನಡಾದ ಒಂಟಾರಿಯೊದಲ್ಲಿ ಬಿಪಿ ಇರುವ ಹಿರಿಯರ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮ್ಲೋಡಿಪಿನ್ ಗುಂಪಿನ ಮಾತ್ರೆ ಹೊಸದಾಗಿ ಶುರು ಮಾಡಿದವರಿಗೆ ಮೂರು ತಿಂಗಳೊಳಗೆ ಟಾರ್ಸೆಮೈಡಿನಂಥ ಮೂತ್ರವರ್ಧಕ ಬರೆದುಕೊಟ್ಟದ್ದು ಬೇರೆ ಗುಂಪಿನ ಬಿಪಿ ಮಾತ್ರೆಯವರಿಗಿಂತ ಸುಮಾರು ಎರಡು ಪಟ್ಟು ಇತ್ತು.

ಸರಪಳಿಯ ಬುಡ

ಹಾಗಾದರೆ ಎರಡು ವರ್ಷ ಸರಿಯಿದ್ದ ಬಿಪಿ ಚೌತಿಯ ಹೊತ್ತಿಗೆ ಏರಿದ್ದು ಯಾಕೆ? ಡೈಕ್ಲೋಫೆನಾಕ್ ಮೊದಲ ಅನುಮಾನ. ಇಂಥ ನೋವಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥ ತಯಾರಾಗುವುದನ್ನು ತಡೆಯುತ್ತವೆ. ನೋವು ಕಡಿಮೆಯಾಗುವುದು ಅದರಿಂದಲೇ. ಆದರೆ ಮೂತ್ರಪಿಂಡಕ್ಕೆ ರಕ್ತ ತರುವ ಕಿರುನಾಳವನ್ನು ತೆರೆದಿಡುವುದೂ, ಉಪ್ಪನ್ನು ಹೊರಹಾಕಲು ನೆರವಾಗುವುದೂ ಅದೇ ಪದಾರ್ಥ. ಅದು ಕಡಿಮೆಯಾದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಕಾಲಿನ ಊತಕ್ಕೂ ಅದು ಕೈಜೋಡಿಸುತ್ತದೆ. ಅಮ್ಲೋಡಿಪಿನ್ ತಿನ್ನುವವರಲ್ಲಿ ಈ ಏರಿಕೆ ಉಳಿದವರಿಗಿಂತ ಕಡಿಮೆ ಎಂಬುದು ನಿಜ. ಆದ್ದರಿಂದ ಎಲ್ಲ ತಪ್ಪನ್ನೂ ಅದೊಂದರ ತಲೆಗೆ ಕಟ್ಟಲು ನಾನು ತಯಾರಿಲ್ಲ.

ಎರಡನೆಯದು ಉಪ್ಪು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಟಿಯಲ್ಲಿ ತಾಜಾ ಮೀನು ಅಪರೂಪ, ಸಿಕ್ಕಿದರೂ ಮುಟ್ಟಲಾರದ ಬೆಲೆ. ಅಟ್ಟದ ಮೇಲಿನ ಒಣಮೀನು ಕೆಳಗಿಳಿಯುವುದು ಆಗ. ಬೆಳಿಗ್ಗೆ ಗಂಜಿಗೆ ಸುಟ್ಟ ಒಣಮೀನು ಅಥವಾ ಮಾವಿನಮಿಡಿ ಉಪ್ಪಿನಕಾಯಿ, ಮಧ್ಯಾಹ್ನ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಪಲ್ಯ, ಜೊತೆಗೆ ಹಪ್ಪಳ. ನಾನೂ ಇದೇ ಊಟದಲ್ಲಿ ಬೆಳೆದವನು, ಅದರ ರುಚಿಯ ವಿರುದ್ಧ ಮಾತಾಡುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಆಟಿಯ ಬಟ್ಟಲಿನಲ್ಲಿ ಅದು ಬೆಳಗ್ಗಿನ ಗಂಜಿಗೇ ಮುಗಿದುಹೋಗಬಹುದು. ಮಳೆಯ ಚಳಿಗೆ ನಾಳಗಳು ಬಿಗಿದು ಬಿಪಿ ತುಸು ಏರುವುದೂ ಉಂಟು.

ನೋವಿನ ಮಾತ್ರೆ, ಒಣಮೀನು, ಚಳಿ ಮೂರೂ ಕೂಡಿದ ಕಾಲದ ಒಂದೇ ಒಂದು ಬಿಪಿ ಅಂಕಿಯ ಮೇಲೆ ಮಾತ್ರೆ ಇಮ್ಮಡಿಯಾಯಿತು. ಆ ದಿನ ಯಾರಾದರೂ "ಬೇರೆ ಏನಾದರೂ ಮಾತ್ರೆ ತಿನ್ನುತ್ತೀರಾ ಅಮ್ಮ" ಎಂದು ಕೇಳಿದ್ದರೆ ಹುಬ್ಬಿನ ಮೇಲಿನ ಹೊಲಿಗೆ ತಪ್ಪುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಚಿಕಿತ್ಸೆಯ ಕ್ರಮ

ಮೊದಲ ದಿನವೇ ಟಾರ್ಸೆಮೈಡ್, ಡೈಕ್ಲೋಫೆನಾಕ್ ನಿಲ್ಲಿಸಿದೆ. ಡೈಕ್ಲೋಫೆನಾಕ್ ಹೋದ ಮೇಲೆ ಪ್ಯಾಂಟೊಪ್ರಝೋಲಿಗೆ ಕೆಲಸ ಇಲ್ಲ. ಅಮ್ಲೋಡಿಪಿನ್ 5ಕ್ಕೆ ಇಳಿಯಿತು. ಬಾಯಾರಿಕೆ ಆದಷ್ಟು ನೀರು ಕುಡಿಯಿರಿ ಎಂದೆ. ಗಂಟು ನೋವಿಗೆ ಪ್ಯಾರಸಿಟಮಾಲ್, ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಕುರ್ಚಿಯ ಮುಂದೆ ಇನ್ನೊಂದು ಸ್ಟೂಲು ಇಟ್ಟು ಕಾಲು ಅದರ ಮೇಲೆ, ಗೆರಸೆ ಮಡಿಲಲ್ಲಿ. ಏಳುವಾಗ ಮಂಚದ ಅಂಚಿನಲ್ಲಿ ಕೂತು, ಪಾದವನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲುವುದು. ಕಾಲುಂಗುರ ತೆಗೆಯೋಣ ಎಂದದ್ದಕ್ಕೆ "ಯಜಮಾನರು ಇರುವಾಗ ತೆಗೆಯುವುದುಂಟಾ" ಎಂದು ಗಾಬರಿಯಾದರು. ಪುಣ್ಯಕ್ಕೆ ಅದು ಬಾಯಿ ಬಿಡಿಸಬಹುದಾದ ಉಂಗುರ. ನಮ್ಮ ನರ್ಸ್ ಅದನ್ನು ಅಗಲಿಸಿ, ಸಡಿಲ ಮಾಡಿ ಪುನಃ ತೊಡಿಸಿದರು.

ಹೊಸ ಬಿಪಿ ಮಾತ್ರೆಯನ್ನು ಆ ದಿನ ಕೊಡಲಿಲ್ಲ. ಟೆಲ್ಮಿಸಾರ್ಟನ್ ನನ್ನ ಮನಸ್ಸಿನಲ್ಲಿತ್ತು, ಆದರೆ ಅದಕ್ಕೆ ಕಾಯಬೇಕಿತ್ತು. ಮೂತ್ರಪಿಂಡದಲ್ಲಿ ರಕ್ತ ಸೋಸುವ ಪ್ರತಿ ಗಂಟಿಗೂ ರಕ್ತ ತರುವ ಒಂದು ಕಿರುನಾಳ, ಒಯ್ಯುವ ಒಂದು ಕಿರುನಾಳ. ಟೆಲ್ಮಿಸಾರ್ಟನ್ ಆಂಜಿಯೊಟೆನ್ಸಿನ್ ಎಂಬ ನಾಳ ಬಿಗಿಸುವ ಹಾರ್ಮೋನಿನ ಕೈ ಕಟ್ಟಿ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ದೀರ್ಘಕಾಲಕ್ಕೆ ಇದು ಮೂತ್ರಪಿಂಡದ ಮೇಲಿನ ಒತ್ತಡ ಇಳಿಸುವ ಒಳ್ಳೆಯ ಕೆಲಸವೇ. ಆದರೆ ಡೈಕ್ಲೋಫೆನಾಕಿನಿಂದ ತರುವ ನಾಳ ಬಿಗಿದು, ಟಾರ್ಸೆಮೈಡಿನಿಂದ ರಕ್ತದ ಪ್ರಮಾಣ ಇಳಿದಿರುವಾಗ ಒಯ್ಯುವ ನಾಳವನ್ನೂ ಸಡಿಲ ಬಿಟ್ಟರೆ ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ. ಈ ಮೂರು ಸೇರಿ ಒಂದೇ ವಾರದಲ್ಲಿ ಮೂತ್ರಪಿಂಡ ಸೋತವರನ್ನು ನೋಡಿದ್ದೇನೆ. ಒಂದೊಂದಾಗಿ ನೋಡಿದರೆ ಮೂರೂ ಒಳ್ಳೆಯ ಔಷಧಗಳೇ.

ಒಂದು ವಾರದ ನಂತರ ಕ್ರಿಯಾಟಿನಿನ್ 1.0, ಪೊಟಾಷಿಯಂ 3.9. ಕೂತು ನೋಡಿದರೆ ಬಿಪಿ 152/88, ನಿಂತರೆ 146/86. ಮಂಡೆ ತಿರುಗುವುದು ನಿಂತಿತ್ತು. ಊತ ಅರ್ಧ ಇಳಿದಿತ್ತು. ಪೂರ್ತಿ ಇಳಿಯಲಿಲ್ಲ ಎಂದು ಸೊಸೆಗೆ ಚಿಂತೆ. ಅಮ್ಲೋಡಿಪಿನ್ ಮೈಯಲ್ಲಿ ಅರ್ಧಕ್ಕಿಳಿಯಲು 30ರಿಂದ 50 ತಾಸು ಬೇಕು, ಇಂದು ಬದಲಿಸಿದ ಡೋಸು ಒಂದು ನೆಲೆಗೆ ಬರಲು ವಾರ ಕಳೆಯುತ್ತದೆ, ಊರಿದ ನೀರು ಹಿಂದಕ್ಕೆ ಹೋಗಲು ಇನ್ನೂ ಸ್ವಲ್ಪ ದಿನ.

ಆಗ ಟೆಲ್ಮಿಸಾರ್ಟನ್ 40 ಶುರು ಮಾಡಿದೆ. ಅಮ್ಲೋಡಿಪಿನ್ ಹೆಚ್ಚಿಸುವ ಬದಲು ಇದನ್ನು ಆರಿಸಿದ್ದಕ್ಕೆ ಕಾರಣ ಮತ್ತೆ ನಾಳದಲ್ಲೇ ಇದೆ. ಈ ಗುಂಪಿನ ಔಷಧಗಳು ಅಪಧಮನಿಯ ಬದಿಯ ಜೊತೆಗೆ ಸಿರೆಯ ಬದಿಯನ್ನೂ ಸಡಿಲಿಸುತ್ತವೆ, ಅಂದರೆ ಕೆಳಗಿನ ಕಂಡಿಯೂ ತೆರೆಯುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2011ರ ಒಂದು ವಿಶ್ಲೇಷಣೆಯಲ್ಲಿ, ಅಮ್ಲೋಡಿಪಿನ್ ಬಗೆಯ ಮಾತ್ರೆಯೊಂದೇ ತಿಂದವರಿಗಿಂತ ಜೊತೆಗೆ ಈ ಗುಂಪಿನದ್ದನ್ನೂ ತಿಂದವರಲ್ಲಿ ಕಾಲು ಊದುವ ಸಾಧ್ಯತೆ ಶೇ 38ರಷ್ಟು ಕಡಿಮೆ ಇತ್ತು.

ಎರಡು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ: ಕ್ರಿಯಾಟಿನಿನ್ 1.1, ಪೊಟಾಷಿಯಂ 4.5, ಬಿಪಿ 136/80. ಕ್ರಿಯಾಟಿನಿನ್ 1.0ರಿಂದ 1.1ಕ್ಕೆ ಏರಿದ್ದು ಕಂಡು ಮನೆಯವರು ಕೇಳಿಯೇ ಕೇಳಿದರು: "ಬಿಪಿ ಮಾತ್ರೆ ತಿಂದ್ರೆ ಕಿಡ್ನಿ ಹೋಗ್ತದೆ ಅಂತಾರಲ್ಲ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಇದೇ ಹೆದರಿಕೆಯಿಂದ ಮಾತ್ರೆ ಬಿಟ್ಟು ಪಾರ್ಶ್ವವಾಯು ಹೊಡೆಸಿಕೊಂಡವರು ನಮ್ಮ ಸುತ್ತ ಬೇಕಾದಷ್ಟು ಮಂದಿ. ಒಯ್ಯುವ ನಾಳ ಸಡಿಲವಾದಾಗ ಮೊದಲಿಗೆ ಕ್ರಿಯಾಟಿನಿನ್ ತುಸು ಏರುವುದು ನಿರೀಕ್ಷಿತ, ಶೇ 30ರವರೆಗೆ ಒಪ್ಪಬಹುದು. ಅದಕ್ಕೂ ಮೇಲೆ ಏರಿದರೆ ಮೂತ್ರಪಿಂಡದ ಅಪಧಮನಿಯೇ ಕಿರಿದಾಗಿದೆಯೇ ಎಂದು ನೋಡಬೇಕು. ಮೂತ್ರಪಿಂಡವನ್ನು ನಿಧಾನವಾಗಿ ಹಾಳು ಮಾಡುವುದು ಹತೋಟಿಗೆ ಬಾರದ ಬಿಪಿ. ಈ ಅಮ್ಮನ ಡಬ್ಬಿಯಲ್ಲಿ ಕಿಡ್ನಿಗೆ ಎಲ್ಲಕ್ಕಿಂತ ಹೆಚ್ಚು ಅಪಾಯದ್ದು ಚೀಟಿ ಇಲ್ಲದೆ ಬಂದ ಆ ಸ್ಟ್ರಿಪ್ ಆಗಿತ್ತು.

"ಈಗ ನಾರ್ಮಲ್ ಉಂಟಲ್ಲ, ನಿಲ್ಲಿಸುವುದಾ?"

ಮೂರು ತಿಂಗಳಿಗೆ ಬಿಪಿ 132/78. ಆಗ ಬಂದ ಪ್ರಶ್ನೆ ಇದು. ಇದಕ್ಕೆ ಉತ್ತರಿಸಲು ಬಿಪಿಯ ಅಂಕಿ ಬಿಟ್ಟು ನಾಳದ ಗೋಡೆಯ ಬಗ್ಗೆ ಮಾತಾಡಬೇಕಾಯಿತು. ವರ್ಷಗಟ್ಟಲೆ ಒತ್ತಡ ತಿಂದ ಸಣ್ಣ ಅಪಧಮನಿಗಳ ಗೋಡೆ ದಪ್ಪವಾಗಿ ಒಳಗಿನ ದಾರಿ ಕಿರಿದಾಗಿರುತ್ತದೆ. ಮಾತ್ರೆ ಸ್ನಾಯುವನ್ನು ಸಡಿಲಿಸುವುದು ದಿನಗಳ ಕೆಲಸ, ಗೋಡೆಯ ಆ ದಪ್ಪ ಇಳಿಯುವುದು ವರ್ಷದ ಕೆಲಸ. ಎಲ್ಲ ಮಾತ್ರೆಯೂ ಆ ಕೆಲಸವನ್ನು ಒಂದೇ ರೀತಿ ಮಾಡುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅರ್ನೆಸ್ಟೊ ಶಿಫ್ರಿನ್ ಅವರ ತಂಡ ರೋಗಿಗಳ ಪೃಷ್ಠದಿಂದ ಚಿಕ್ಕ ತುಣುಕು ತೆಗೆದು ಅದರೊಳಗಿನ ಸಣ್ಣ ಅಪಧಮನಿಗಳನ್ನು ಅಳೆಯಿತು. 2000ದಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಒಂದು ವರ್ಷ ಲೊಸಾರ್ಟನ್ ತಿಂದವರ ನಾಳದ ಗೋಡೆ ಸಹಜದ ಕಡೆಗೆ ಮರಳಿತ್ತು, ಅಟೆನೊಲಾಲ್ ಎಂಬ ಬೇರೆ ಗುಂಪಿನ ಮಾತ್ರೆಯಿಂದ ಅಷ್ಟೇ ಬಿಪಿ ಇಳಿಸಿಕೊಂಡವರಲ್ಲಿ ಮರಳಿರಲಿಲ್ಲ. ಲೊಸಾರ್ಟನ್ ಟೆಲ್ಮಿಸಾರ್ಟನ್ ಗುಂಪಿನದ್ದೇ. 2006ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ತೋಳಿನ ಬಿಪಿ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೂ, ಹೃದಯದ ಬಾಗಿಲಿನ ಮಹಾಪಧಮನಿಯ ಒತ್ತಡ ಅಟೆನೊಲಾಲ್ ಆಧಾರಿತ ಚಿಕಿತ್ಸೆಗಿಂತ ಅಮ್ಲೋಡಿಪಿನ್ ಆಧಾರಿತ ಚಿಕಿತ್ಸೆಯಲ್ಲಿ 4.3 ಮಿ.ಮೀ. ಕಡಿಮೆ ಇತ್ತು. ಅಟೆನೊಲಾಲ್ ಬೇಕಾದವರಿಗೆ ಬೇಕೇ ಬೇಕು, ಅದನ್ನು ತಿನ್ನುವವರು ಇದನ್ನೋದಿ ದಿಢೀರ್ ನಿಲ್ಲಿಸಬಾರದು, ಹಾಗೆ ನಿಲ್ಲಿಸುವುದು ಹೃದಯಕ್ಕೆ ಅಪಾಯ. ನಾನು ಹೇಳುತ್ತಿರುವುದು ತೋಳಿನ ಅಂಕಿಯೊಂದೇ ನಾಳದ ಪೂರ್ತಿ ಕತೆ ಹೇಳುವುದಿಲ್ಲ ಎಂದು.

ಅವರಿಗೆ ಇಷ್ಟೆಲ್ಲ ಹೇಳಲಿಲ್ಲ. ಅಂಕಿ ಸರಿಯಾಗಿರುವುದು ಮಾತ್ರೆ ಒಳಗಿರುವುದರಿಂದ, ಗೋಡೆ ಇನ್ನೂ ಸರಿಯಾಗುತ್ತಾ ಇದೆ, ನಿಲ್ಲಿಸಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂದೆ. ಒಪ್ಪಿದರು.

ಎಲ್ಲವೂ ಸರಿಯಾಗಿದೆ ಎಂದೇನೂ ಅಲ್ಲ. ಸೆಕೆಯ ದಿನ ಸಂಜೆಗೆ ಪಾದ ಈಗಲೂ ತುಸು ತುಂಬುತ್ತದೆ, ಬೆಳಿಗ್ಗೆ ಇಳಿಯುತ್ತದೆ, ಅದಕ್ಕೆ ನಾವು ಮಾತ್ರೆ ಕೊಡುತ್ತಿಲ್ಲ. ಮೊಣಗಂಟು ನೋವು ಪೂರ್ತಿ ಹೋಗಿಲ್ಲ, ಎಲುಬಿನ ವೈದ್ಯರ ಸಲಹೆ ಪಡೆಯುತ್ತಿದ್ದಾರೆ. ನಡುವೆ ಒಮ್ಮೆ ಹಲ್ಲು ನೋವಿಗೆ ಯಾರೋ ಕೊಟ್ಟ ಡೈಕ್ಲೋಫೆನಾಕ್ ನಾಲ್ಕು ದಿನ ತಿಂದು ಬಿಪಿ 150 ದಾಟಿತ್ತು. ಆ ಮೇಲೆ ಸೊಸೆ ಬಿಸ್ಕೆಟಿನ ಡಬ್ಬಿಯ ಮುಚ್ಚಳದ ಒಳಗೆ ಮಾತ್ರೆಗಳ ಪಟ್ಟಿ ಅಂಟಿಸಿ, ಮೆಡಿಕಲಿಗೆ ಹೋದರೆ ಮೊದಲು ಅದನ್ನು ತೋರಿಸಬೇಕು ಎಂದು ಮನೆಯಲ್ಲಿ ಕಟ್ಟುಮಾಡಿದ್ದಾರೆ.

ಮುಂದಿನ ಮಳೆಗಾಲಕ್ಕೆ ಲೆಕ್ಕ ಹಾಕಿಟ್ಟಿದ್ದೇವೆ. ಜೂನಿನಲ್ಲಿ ಕ್ರಿಯಾಟಿನಿನ್, ಪೊಟಾಷಿಯಂ ಮತ್ತೊಮ್ಮೆ. ಆಟಿಯಲ್ಲಿ ಒಣಮೀನನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ವಾರಕ್ಕೆ ಒಂದು ಸಲ ಮಾತ್ರ. ಬಿಪಿ ಏರಿದರೆ ಒಂದೇ ಅಂಕಿಗೆ ಮಾತ್ರೆ ಬದಲಿಸದೆ, ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಕೂತು, ನಿಂತು ನೋಡಿ ಬರೆದು ತರುವುದು. ವಾಂತಿ ಭೇದಿಯಾದರೆ ಆ ದಿನ ಟೆಲ್ಮಿಸಾರ್ಟನ್ ತಿನ್ನದೆ ನನಗೆ ಫೋನ್ ಮಾಡುವುದು.